ಪದಚರ್ಚೆ: ‘ಔಟ್‌ಪುಟ್ ಹೆಚ್ಚಿಸಿ’ ಅಂದರೆ ಏನನ್ನು ಹೆಚ್ಚಿಸುವುದು?

ಗೆಳೆಯರೇ,

ಡಿಜಿಟಲ್ ಆಡಿಯೋ ಸ್ನೇಕ್ ಬಳಸುವವರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಔಟ್‌ಪುಟ್ ಸಾಲದಿದ್ದರೆ ಹೆಚ್ಚಿಸಿಕೊಳ್ಳಿ’ ಎಂದು ಬರೆದಿದ್ದೆ. ಓದಿ ನೋಡು ಅಂತ ಗೆಳೆಯನೊಬ್ಬನಿಗೆ ಕೊಟ್ಟೆ. ಆ ಸಾಲಿಗೆ ಬಂದದ್ದೇ ತಡ, ಮಿಕ್ಸರಿನಲ್ಲಿ ಒಟ್ಟು ದನಿಯನ್ನು ಏರಿಸಿ ಇಳಿಸುವ ಹಿಡಿಯನ್ನು, ಅಂದರೆ ಮಾಸ್ಟರ್ ಫೇಡರನ್ನು, ಮೇಲಕ್ಕೆ ತಳ್ಳಿಬಿಟ್ಟ! ಸ್ಪೀಕರು ಕುಯ್ಯೋ ಎಂದಿತು. ತಪ್ಪು ಅವನದಲ್ಲ. ನಾನು ಹೇಳಹೊರಟದ್ದು ದನಿ ಜಾಸ್ತಿ ಮಾಡುವುದನ್ನಲ್ಲ, ದನಿ ಹೊರಬರುವ ಜಾಗಗಳನ್ನು ಜಾಸ್ತಿ ಮಾಡುವುದನ್ನು.

ಗೊತ್ತಿಲ್ಲದವರಿಗೆ ಎರಡು ಮಾತು. ಹಳೆಯ ಸ್ನೇಕ್ ಅಂದರೆ ಹತ್ತಾರು ಮೈಕ್ ವೈರುಗಳನ್ನು ಒಂದೇ ಹೊದಿಕೆಯೊಳಗೆ ತುಂಬಿದ ದಪ್ಪ ಕೇಬಲ್. ಸುತ್ತಿಟ್ಟರೆ ಥೇಟ್ ಹೆಬ್ಬಾವು. ಮಲ್ಟಿಕೋರ್ ಅನ್ನುವುದೂ ಅದನ್ನೇ. ಡಿಜಿಟಲ್ ಆದಮೇಲೆ ಮೈಕ್ ವೈರುಗಳನ್ನು ಚುಚ್ಚುವ, ವೇದಿಕೆ ಪಕ್ಕದ ಪೆಟ್ಟಿಗೆ (ಸ್ಟೇಜ್ ಬಾಕ್ಸ್) ದನಿಯನ್ನು ಸೆಕೆಂಡಿಗೆ 48,000 ಅಥವಾ 96,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಅಷ್ಟೂ ಚಾನೆಲ್ಲು, ಅಂದರೆ ಒಂದೊಂದು ಮೈಕಿನ ದನಿಯೂ ಬೇರೆಬೇರೆಯಾಗಿ, ತೆಳ್ಳಗಿನ ಒಂದು ನೆಟ್‌ವರ್ಕ್ ಕೇಬಲ್ಲಿನಲ್ಲಿ ಸುಮಾರು 100 ಮೀಟರ್ ದೂರ ಹೋಗುತ್ತವೆ. ಹಾವು ಹೋಗಿ ಪೊರೆ ಉಳಿದಂತೆ ಹೆಸರು ಮಾತ್ರ ಉಳಿದಿದೆ. ಅದನ್ನು ‘ಸ್ನೇಕ್’ ಅಂತಲೇ ಬಿಟ್ಟಿದ್ದೇನೆ. ‘ಅಂಕೀಯ ಸರ್ಪ’ ಅಂತ ಬರೆದರೆ ಜ್ಯೋತಿಷ್ಯದ ಪುಸ್ತಕ ಅಂದುಕೊಂಡಾರು.

ಈಗ ತೊಡಕಿನ ಜಾಗ. ಸ್ಟೇಜ್ ಬಾಕ್ಸಿನಲ್ಲಿ 16 ಇನ್‌ಪುಟ್, 8 ಔಟ್‌ಪುಟ್ ಇವೆ ಅನ್ನಿ. ಮುಖ್ಯ ಸ್ಪೀಕರುಗಳಿಗೆ 2, ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ಅವರ ಮುಂದಿಡುವ ಸ್ಪೀಕರುಗಳಿಗೆ (ಮಾನಿಟರ್) 6. ಅಲ್ಲಿಗೆ ಖಾಲಿ. ಸಭಾಂಗಣದ ಹಿಂದಿನ ಸಾಲುಗಳಿಗೆ ಬೇರೆ ಸ್ಪೀಕರ್ ಇಡಬೇಕಾದರೆ? ನೆಟ್‌ವರ್ಕ್ ಕೇಬಲ್ಲುಗಳನ್ನು ಕೂಡಿಸುವ ಸ್ವಿಚ್ಚಿನಿಂದ ಇನ್ನೊಂದು ಕೇಬಲ್ ಎಳೆದು, ಬರೀ ಔಟ್‌ಪುಟ್‌ಗಳಿರುವ ಪೆಟ್ಟಿಗೆಯೊಂದನ್ನು ಅಲ್ಲೇ ಆಂಪ್ಲಿಫೈಯರ್ ಪಕ್ಕ ಇಡುತ್ತಾರೆ. ಅಂಕಿ ಮತ್ತೆ ದನಿಯ ಸಿಗ್ನಲ್ ಆಗುವುದು ಅಲ್ಲಿ. ಈ ಪೆಟ್ಟಿಗೆಯೇ ‘ನೆಟ್‌ವರ್ಕ್ಡ್ ಔಟ್‌ಪುಟ್ ಮಾಡ್ಯೂಲ್’.

ಈ ‘ಔಟ್‌ಪುಟ್’ಗೆ ಕನ್ನಡದಲ್ಲಿ ಏನನ್ನೋಣ? ‘ಉತ್ಪಾದನೆ’ ಕಾರ್ಖಾನೆಯದು. ‘ಹೊರಹರಿವು’ ಅಣೆಕಟ್ಟಿನ ಸುದ್ದಿಯಲ್ಲಿ ಬರುವ ಪದ, ಅದೂ ಪ್ರಮಾಣವನ್ನೇ ಹೇಳುತ್ತದೆ. ಅದನ್ನು ಹೆಚ್ಚಿಸಿ ಅಂದರೆ ಗೆಳೆಯ ಮತ್ತೆ ಫೇಡರಿಗೇ ಕೈ ಹಾಕುತ್ತಾನೆ. ನನಗೆ ಬೇಕಿರುವುದು ಎಣಿಸಬಹುದಾದ ಪದ. ಕೆರೆಯ ‘ತೂಬು’ ನೆನಪಾಯಿತು. ನಾಲ್ಕು ತೂಬು, ಎಂಟು ತೂಬು ಅಂತ ಎಣಿಸಬಹುದು, ಗೊಂದಲವೇ ಇಲ್ಲ. ಆದರೆ ತೂಬು ತೆಗೆದಷ್ಟೂ ಕೆರೆಯ ನೀರು ಇಳಿಯುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಅದೇ ಚಾನೆಲ್ಲನ್ನು ಮೂರು ಪೆಟ್ಟಿಗೆಗಳಿಗೆ ಕಳಿಸಿದರೆ ಮೂರಕ್ಕೂ ಪೂರ್ತಿಯಾಗಿಯೇ ಸಿಗುತ್ತದೆ, ದೀಪದಿಂದ ದೀಪ ಹಚ್ಚಿದ ಹಾಗೆ. ‘ಕವಲು’ ಅನ್ನೋಣವೆಂದರೆ ಅದರಲ್ಲೂ ಪಾಲಾಗುವ ಅರ್ಥ ಇಣುಕುತ್ತದೆ.

ಸದ್ಯಕ್ಕೆ ನನ್ನ ಒಲವು ‘ಕಿಂಡಿ’ಯ ಕಡೆಗೆ. ಒಳಕಿಂಡಿ, ಹೊರಕಿಂಡಿ, ಹೊರಕಿಂಡಿ ಪೆಟ್ಟಿಗೆ. ‘ಹೊರಕಿಂಡಿ ಸಾಲದಿದ್ದರೆ ಇನ್ನೊಂದು ಪೆಟ್ಟಿಗೆ ಸೇರಿಸಿ’ ಅಂದರೆ ಯಾರೂ ಫೇಡರ್ ಮುಟ್ಟುವುದಿಲ್ಲ. ಮಾಡ್ಯೂಲಿಗೆ ‘ಘಟಕ’ ಬೇಡವೆನಿಸಿತು. ಪಕ್ಷದ ಘಟಕ, ಕಾರ್ಖಾನೆಯ ಘಟಕ ಅಂತ ಆ ಪದ ಆಗಲೇ ಸವೆದಿದೆ.

ಆದರೆ ಒಂದು ಅನುಮಾನ. ಹೊರ+ಕಿಂಡಿ ಆದೇಶಸಂಧಿಯಾಗಿ ‘ಹೊರಗಿಂಡಿ’ ಆಗಬೇಕಲ್ಲವೇ? ಹಾಗೆ ಬರೆದರೆ ನೀರು ಸುರಿಯುವ ಗಿಂಡಿ ಕಣ್ಣಮುಂದೆ ಬರುತ್ತದೆ. ಸಂಧಿ ಮಾಡದೆ ಬಿಟ್ಟರೆ ನಡೆದೀತೇ? ಅಥವಾ ಸುಮ್ನೆ ‘ಔಟ್‌ಪುಟ್ ಕಿಂಡಿ’ ಅಂತ ಬೆರಕೆ ಮಾಡಲೇ?