ಹಳ್ಳಿಯಲ್ಲೇ ಮನೆ ಮಾಡಿ, ಊರಿನ ಕೆಲಸಕ್ಕೂ ಕೈ ಹಾಕಿ

ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ ಕೆಲಸ ಸಿಕ್ಕಿದೆ, ಮನೆಯನ್ನು ಗ್ಲಾಸ್ಗೋದಲ್ಲೇ ಇಟ್ಟುಕೊಂಡು ಓಡಾಡುವುದೋ, ಇಬ್ಬರು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿನ ಕಾಮ್ರಿ ಎಂಬ ಹಳ್ಳಿಗೇ ಬಂದುಬಿಡುವುದೋ ಎಂದು ಕೇಳಿದ್ದೀರಿ, ತಂಗಿ. ನಮ್ಮ ಈ ಗುಂಪಿನಲ್ಲಿ ಈವರೆಗೆ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಗ್ಲಾಸ್ಗೋ ಬಿಡಬೇಡಿ ಎಂದಿದ್ದಾರೆ. ಅಲ್ಲಿ ಮಂದಿರವಿದೆ, ಕರಿಬೇವು ಸಿಗುತ್ತದೆ, ಮಕ್ಕಳಿಗೆ ಕನ್ನಡ ಮಾತನಾಡುವ ಜೊತೆಗಾರರಿದ್ದಾರೆ. ಎಲ್ಲವೂ ನಿಜ. ಆದರೂ ನನ್ನ ಮಾತು ಹಳ್ಳಿಯ ಕಡೆಗೇ. ನಾನು ಕಾಮ್ರಿಯಲ್ಲಿ ಸಂಸಾರ ಹೂಡಿದವಳು, ಪಕ್ಷಪಾತ ಇದ್ದೇ ಇದೆ; ಅಷ್ಟನ್ನು ಕಳೆದು ಓದಿಕೊಳ್ಳಿ.

ಕಷ್ಟಗಳನ್ನು ಮೊದಲೇ ಹೇಳಿ ಮುಗಿಸುತ್ತೇನೆ. ರೈಲು ಇಲ್ಲ. 1893ರಲ್ಲಿ ಬಂದಿದ್ದ ರೈಲು 1964ರಲ್ಲಿ ನಿಂತೇ ಹೋಯಿತು. ಬಸ್ಸು ಇದೆ, ಆದರೆ ಅದರ ವೇಳೆಗೆ ನಿಮ್ಮ ಬದುಕನ್ನು ಹೊಂದಿಸಿಕೊಳ್ಳಬೇಕು. ಭಾರತದ ಪರವಾನಗಿಯಲ್ಲಿ ಇಲ್ಲಿ ಒಂದು ವರ್ಷ ಮಾತ್ರ ಕಾರು ಓಡಿಸಬಹುದು, ಆದ್ದರಿಂದ ಇಲ್ಲಿನ ಚಾಲನಾ ಪರೀಕ್ಷೆಯನ್ನು ಮುಂದೂಡಬೇಡಿ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಕತ್ತಲಾಗುತ್ತದೆ. ಉದ್ದಿನಬೇಳೆ, ಸಾರಿನ ಪುಡಿಗೆ ಬೇಕಾದ ಬ್ಯಾಡಗಿ ಮೆಣಸಿನಕಾಯಿ ಎಂದೆಲ್ಲ ತಿಂಗಳಿಗೊಮ್ಮೆ ನಗರಕ್ಕೆ ಹೋಗಿ ಮೂಟೆ ಕಟ್ಟಿಕೊಂಡು ಬರಬೇಕು. ಹೈಸ್ಕೂಲು ಹತ್ತು ಕಿಲೋಮೀಟರ್ ಆಚೆ ಕ್ರೀಫ್‌ನಲ್ಲಿದೆ. 22 ತುಂಬದವರಿಗೆ ಸ್ಕಾಟ್ಲೆಂಡಿನ ಬಸ್ಸುಗಳಲ್ಲಿ 2022ರಿಂದ ಟಿಕೆಟ್ ಇಲ್ಲ ಎಂಬುದು ಹಳ್ಳಿಯ ಮಕ್ಕಳ ಪಾಲಿಗೆ ದೊಡ್ಡ ಸವಲತ್ತು, ಕಾರ್ಡು ಮಾಡಿಸಿಕೊಂಡರೆ ಸಾಕು.

ಮನೆ ಹುಡುಕುವಾಗ ಒಂದು ಎಚ್ಚರಿಕೆ. ಅರ್ನ್, ಲೆಡ್ನಾಕ್, ರುಖಿಲ್ ಎಂಬ ಮೂರು ಹೊಳೆಗಳು ಕೂಡುವ ಜಾಗದಲ್ಲಿ ಈ ಊರು ಇದೆ. ನೋಡಲು ಬಹಳ ಚೆಂದ. 2012ರಲ್ಲಿ ಒಂದೇ ವರ್ಷ ಎರಡು ಬಾರಿ ರುಖಿಲ್ ಉಕ್ಕಿ ಡಾಲ್ಗಿನ್‌ರಾಸ್ ಭಾಗದ ಮನೆಗಳಿಗೆ ನೀರು ನುಗ್ಗಿತು. ಬಾಡಿಗೆ ಕಡಿಮೆ ಎಂದು ಒಪ್ಪುವ ಮುನ್ನ ಸ್ಕಾಟ್ಲೆಂಡಿನ ಪರಿಸರ ಸಂಸ್ಥೆಯ ಪ್ರವಾಹ ನಕ್ಷೆಯನ್ನು ತೆರೆದು ನೋಡಿ. ವಿಮೆಯವರು ಅದನ್ನು ನೋಡಿಯೇ ನೋಡುತ್ತಾರೆ.

ಇನ್ನು ಹಳ್ಳಿ ಏಕೆ ಎಂಬ ಮಾತು. ನಗರದಲ್ಲಿ ನಾವು ನಮ್ಮವರ ನಡುವೆಯೇ ಬದುಕಿಬಿಡಬಹುದು. ಶನಿವಾರ ಕನ್ನಡ, ಭಾನುವಾರ ಭಜನೆ, ವರ್ಷಕ್ಕೊಂದು ರಾಜ್ಯೋತ್ಸವ. ಎರಡು ಸಾವಿರದ ಆಸುಪಾಸು ಜನರಿರುವ ಊರಿನಲ್ಲಿ ಅದು ಸಾಧ್ಯವಿಲ್ಲ. ಇಲ್ಲಿ ಸಾರ್ವಜನಿಕ ಬದುಕಿನ ಬಹುಭಾಗವನ್ನು ಊರವರೇ ಸಂಬಳವಿಲ್ಲದೆ ನಡೆಸುತ್ತಾರೆ. 1805ರ ಹಳೆಯ ಬಿಳಿ ಚರ್ಚು ಇಂದು ಸಮುದಾಯ ಭವನ, ಮಕ್ಕಳ ಆಟದಿಂದ ಹಿಡಿದು ಹಿರಿಯರ ಊಟದವರೆಗೆ ಎಲ್ಲವೂ ಅಲ್ಲೇ. ಕುರ್ಚಿ ಜೋಡಿಸಲು ಯಾರಾದರೂ ಬೇಕೇ ಬೇಕು. ನೀವು ಜೋಡಿಸಿದರೆ ನಿಮ್ಮ ಹೆಸರು ಊರಿಗೆ ಗೊತ್ತಾಗುತ್ತದೆ, ಮಕ್ಕಳ ಹೆಸರು ಅದಕ್ಕೂ ಮೊದಲೇ ಗೊತ್ತಾಗಿರುತ್ತದೆ.

ಊರಿನ ದಕ್ಷಿಣಕ್ಕೆ ಕಲ್ಟಿಬ್ರಾಗನ್ ಶಿಬಿರವಿದೆ. ಕಾಮ್ರಿಯ ಜನರನ್ನು ಅರಿಯಬೇಕಾದರೆ ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. 1941ರಲ್ಲಿ ಕಟ್ಟಿದ್ದು, ಯುದ್ಧಕೈದಿಗಳ 21ನೇ ಶಿಬಿರ. ಅರ್ಧ ಉರುಳೆಯಂತೆ ಬಾಗಿದ ತಗಡಿನ ಗುಡಿಸಲುಗಳ ಸಾಲು ಸಾಲು. ನಾಲ್ಕು ಸಾವಿರದಷ್ಟು ಜರ್ಮನ್ ಕೈದಿಗಳನ್ನು ಇಡುವಷ್ಟು ದೊಡ್ಡದು, ಕಟ್ಟಾ ನಾತ್ಸಿಗಳೆಂದು ಗುರುತಿಸಿದವರನ್ನು ಇಲ್ಲಿಗೆ ಕಳಿಸುತ್ತಿದ್ದರು. 1944ರ ಡಿಸೆಂಬರಿನಲ್ಲಿ ವೋಲ್ಫ್‌ಗಾಂಗ್ ರೋಸ್ಟರ್ಗ್ ಎಂಬ ಕೈದಿಯನ್ನು ದ್ರೋಹಿಯೆಂದು ಶಂಕಿಸಿ ಅವನ ಜೊತೆಯವರೇ ಹೊಡೆದು ಕೊಂದರು. ಅದಕ್ಕಾಗಿ ಐವರನ್ನು ಮರುವರ್ಷ ಲಂಡನ್ನಿನಲ್ಲಿ ಗಲ್ಲಿಗೇರಿಸಲಾಯಿತು. ಯುದ್ಧದ ನಂತರ ಜಾಗ ಸೇನೆಯ ತರಬೇತಿಗೆ ಹೋಯಿತು. ಅಣುಬಾಂಬು ಬಿದ್ದರೆ ಸರ್ಕಾರ ಅಡಗಿ ಕೂರಲೆಂದು ಅಲ್ಲೊಂದು ನೆಲಮಾಳಿಗೆಯನ್ನೂ ಕಟ್ಟಿದರು. ಅದು ಮುಗಿದದ್ದು 1990ರಲ್ಲಿ, ಬರ್ಲಿನ್ ಗೋಡೆ ಬಿದ್ದ ಮರುವರ್ಷ! ಸರ್ಕಾರಿ ಕಾಮಗಾರಿ ಎಲ್ಲಿಯಾದರೂ ಅಷ್ಟೇ ಎಂದು ನಾವು ಮನೆಯಲ್ಲಿ ನಗುತ್ತಿರುತ್ತೇವೆ.

ಸೇನೆ ಜಾಗ ಬಿಟ್ಟಾಗ ಊರವರು ಅದನ್ನು ತಾವೇ ಕೊಂಡರು. 2003ರ ಸ್ಕಾಟ್ಲೆಂಡಿನ ಭೂಸುಧಾರಣಾ ಕಾಯ್ದೆಯಲ್ಲಿ ಒಂದು ಅನುಕೂಲವಿದೆ: ಗ್ರಾಮೀಣ ಸಮುದಾಯವೊಂದು ಸಂಘ ಕಟ್ಟಿ, ಮೊದಲೇ ಆಸಕ್ತಿಯನ್ನು ದಾಖಲಿಸಿ, ಊರವರ ಮತ ಪಡೆದರೆ, ಆ ಭೂಮಿ ಮಾರಾಟಕ್ಕೆ ಬಂದಾಗ ಕೊಳ್ಳುವ ಮೊದಲ ಹಕ್ಕು ಅದಕ್ಕೇ. ಕಾಮ್ರಿಯ ಅಭಿವೃದ್ಧಿ ಟ್ರಸ್ಟ್ 2007ರಲ್ಲಿ 3,50,000 ಪೌಂಡ್ ಕೊಟ್ಟು ಸುಮಾರು ತೊಂಬತ್ತು ಎಕರೆಯನ್ನು ಊರಿನ ಆಸ್ತಿ ಮಾಡಿಕೊಂಡಿತು. ಈಗ ಕೆಲವು ಗುಡಿಸಲುಗಳಲ್ಲಿ ಸಣ್ಣ ಉದ್ಯಮಗಳಿವೆ, ಕೆಲವು ಪ್ರವಾಸಿಗರ ತಂಗುದಾಣ, ಪಕ್ಕದಲ್ಲಿ ಹಣ್ಣಿನ ತೋಟ ಮತ್ತು ಊರವರಿಗೆ ಹಂಚಿಕೊಟ್ಟ ತರಕಾರಿ ಮಡಿಗಳು. ಇಲ್ಲಿನ ಚಳಿಗೆ ಮೆಂತ್ಯ, ಕೊತ್ತಂಬರಿ ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತವೆ. ಬದನೆ ಬೇಕಾದರೆ ಗಾಜಿನ ಮನೆ ಬೇಕು.

ಆ ಶಿಬಿರದಲ್ಲಿದ್ದ ಒಬ್ಬ ಕೈದಿ ಹೈನ್ರಿಕ್ ಸ್ಟೈನ್‌ಮೇಯರ್. ಫ್ರಾನ್ಸಿನ ನಾರ್ಮಂಡಿಯಲ್ಲಿ ಸೆರೆ ಸಿಕ್ಕಾಗ ಹತ್ತೊಂಬತ್ತು ವರ್ಷ, ಅದೂ ನಾತ್ಸಿಗಳ ಎಸ್‌ಎಸ್ ಪಡೆಯವನು. ಅವನು ಸಿನಿಮಾವನ್ನೇ ನೋಡಿಲ್ಲವೆಂದು ತಿಳಿದ ಊರಿನ ಶಾಲಾಮಕ್ಕಳು ಅವನನ್ನು ಗುಟ್ಟಾಗಿ ಹೊರಗೆ ಕರೆತಂದು ಸಿನಿಮಾ ತೋರಿಸಿದರು ಎಂಬ ಕಥೆ ಇಲ್ಲಿ ಪ್ರಸಿದ್ಧ. ಸಾಯುವಾಗ ಆತ ತನ್ನ ಆಸ್ತಿಯನ್ನೆಲ್ಲ, 3,84,000 ಪೌಂಡ್, ಕಾಮ್ರಿಯ ವೃದ್ಧರ ಸಲುವಾಗಿ ಬರೆದಿಟ್ಟ. 2016ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ ಇದು. ಶತ್ರುವಾಗಿ ಬಂದವನೊಡನೆ ಹಾಗೆ ನಡೆದುಕೊಂಡ ಊರು ಬಾಡಿಗೆ ಕಟ್ಟಿ ತೆರಿಗೆ ಕೊಟ್ಟು ಬದುಕುವ ನಮ್ಮನ್ನು ಹೊರಗಿಡುತ್ತದೆ ಎಂಬ ಭಯ ನನಗಿಲ್ಲ. ಎಲ್ಲರೂ ಒಳ್ಳೆಯವರೆಂದು ಹೇಳುತ್ತಿಲ್ಲ, ತಿರುಗಿ ನೋಡದವರೂ ಇದ್ದಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಸಬರಿಗೆ ಮನೆ ಕೊಡುವ ಮುನ್ನ ಏನೆಲ್ಲ ಕೇಳುತ್ತಾರೆ ಎಂಬುದನ್ನೂ ಒಮ್ಮೆ ನೆನೆಸಿಕೊಳ್ಳಿ.

ಮಕ್ಕಳಿಗೆ ಇಷ್ಟವಾಗುವುದು ಭೂಕಂಪದ ಮನೆ. ಸ್ಕಾಟ್ಲೆಂಡಿನ ಬೆಟ್ಟಸೀಮೆಯನ್ನೂ ತಗ್ಗುಸೀಮೆಯನ್ನೂ ಬೇರ್ಪಡಿಸುವ ಭೂಬಿರುಕು ಈ ಊರಿನ ಹತ್ತಿರವೇ ಹಾದುಹೋಗುತ್ತದೆ, ಹಾಗಾಗಿ ನೆಲ ಆಗಾಗ ಗುಡುಗುತ್ತಿತ್ತು. 1839ರ ಅಕ್ಟೋಬರಿನಲ್ಲಿ ಜೋರಾಗಿಯೇ ನಡುಗಿತು. ಅದನ್ನೆಲ್ಲ ದಿನಾಂಕ ಸಹಿತ ಬರೆದಿಟ್ಟವರು ಪೀಟರ್ ಮ್ಯಾಕ್‌ಫರ್ಲೇನ್ ಎಂಬ ಅಂಚೆ ಮಾಸ್ತರ ಮತ್ತು ಜೇಮ್ಸ್ ಡ್ರಮಂಡ್ ಎಂಬ ಚಮ್ಮಾರ. ಅವರ ಟಿಪ್ಪಣಿಗಳು ವಿದ್ವಾಂಸರ ಕಣ್ಣಿಗೆ ಬಿದ್ದು, 1840ರಲ್ಲಿ ಸಮಿತಿ ರಚನೆಯಾಗಿ, ಎಡಿನ್‌ಬರ್ಗ್‌ನ ವಿಜ್ಞಾನಿ ಜೇಮ್ಸ್ ಫೋರ್ಬ್ಸ್ ರೂಪಿಸಿದ, ಕಂಪನ ಅಳೆಯುವ ಲೋಲಕದ ಉಪಕರಣವನ್ನು ಇಲ್ಲಿ ತಂದಿಟ್ಟರು. 1874ರಲ್ಲಿ ಕಂಪನ ಗುರುತಿಸಲೆಂದೇ ಬಂಡೆಯ ಮೇಲೆ ಒಂದು ಪುಟ್ಟ ಕಲ್ಲಿನ ಕೋಣೆ ಎದ್ದಿತು, ಅದೇ ಭೂಕಂಪದ ಮನೆ. ಒಳಗೆ ಅಡ್ಡಡ್ಡ ಇಟ್ಟ ಎರಡು ಹಲಗೆಗಳ ಮೇಲೆ ಬೇರೆ ಬೇರೆ ದಪ್ಪದ ಮರದ ದುಂಡುಕಡ್ಡಿಗಳು, ಸುತ್ತ ಮರಳು. ಯಾವ ಕಡ್ಡಿ ಯಾವ ಕಡೆಗೆ ಬಿತ್ತು ಎಂಬುದರಿಂದ ಕಂಪನದ ಬಲವನ್ನೂ ದಿಕ್ಕನ್ನೂ ಅಂದಾಜು ಮಾಡುವುದು. ಇಂದಿಗೂ ಕಿಟಕಿಯಿಂದ ಇಣುಕಿ ನೋಡಬಹುದು. ನನ್ನ ಮಗ ಅದನ್ನು ಅಡುಗೆಮನೆಯ ನೆಲದ ಮೇಲೆ ಬಣ್ಣದ ಪೆನ್ಸಿಲ್ಲುಗಳಿಂದ ಕಟ್ಟಿ, ತಂಗಿಯನ್ನು ಕುಣಿಸಿ ಪರೀಕ್ಷಿಸುತ್ತಾನೆ. ದೊಡ್ಡ ಪದವಿಯಿಲ್ಲದ ಇಬ್ಬರು ಕೆಲಸಗಾರರು ಸುಮ್ಮನೆ ಗಮನಿಸಿ ಬರೆದಿಟ್ಟದ್ದರಿಂದ ಒಂದು ವಿಜ್ಞಾನಕ್ಕೆ ಇಂಬು ಸಿಕ್ಕಿತೆಂಬುದು ಹುಡುಗನಿಗೆ ಶಾಲೆಯ ಪಾಠಕ್ಕಿಂತ ಮೊದಲೇ ಅರ್ಥವಾಯಿತು. ಟ್ಯೂಷನ್ ಎಲ್ಲಿ ಸಿಗುತ್ತದೆ ಎಂದು ಕೇಳಿದ ಸದಸ್ಯರಿಗೆ ನನ್ನ ಬಳಿ ಬೇರೆ ಉತ್ತರವಿಲ್ಲ.

ಹೊಸ ವರ್ಷದ ನಡುರಾತ್ರಿ ಇಲ್ಲಿ ಫ್ಲಾಂಬೋ ಎಂಬ ಪಂಜಿನ ಮೆರವಣಿಗೆ. ಉದ್ದನೆಯ ಬರ್ಚ್ ಮರದ ಬೊಡ್ಡೆಗಳ ತುದಿಗೆ ಗೋಣಿಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಗಂಟೆ ಹನ್ನೆರಡು ಹೊಡೆಯುತ್ತಿದ್ದಂತೆ ಹೊತ್ತಿಸಿ ಹೆಗಲಿಗೇರಿಸುತ್ತಾರೆ. ಬ್ಯಾಗ್‌ಪೈಪಿನ ತಂಡ ಮುಂದೆ, ವೇಷ ಹಾಕಿದ ಊರು ಹಿಂದೆ. ಬೀದಿಗಳನ್ನೆಲ್ಲ ಸುತ್ತಿ ಕೊನೆಗೆ ಡಾಲ್ಗಿನ್‌ರಾಸ್ ಸೇತುವೆಯಿಂದ ಅರ್ನ್ ನದಿಗೆ ಎಸೆಯುವುದು, ಹಳೆಯ ವರ್ಷದ ಪೀಡೆ ತೊಲಗಲೆಂದು. ಮಂಡ್ಯ ಕಡೆಯ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಒಂದು ವರ್ಷ ನನ್ನ ಮಕ್ಕಳು ಹುಲಿವೇಷ ಹಾಕಿ ಹೋದರು. ಬಹುಮಾನ ಬರಲಿಲ್ಲ, ಚಳಿಯಲ್ಲಿ ಬಣ್ಣ ಒಣಗಲೇ ಇಲ್ಲ.

ಈಗ ಯಾರೂ ಪ್ರಸ್ತಾಪಿಸದ ಒಂದು ವಿಷಯ. ಕ್ರೀಫ್‌ನಿಂದ ಕಾಮ್ರಿಗೆ ಬರುವ ದಾರಿಯ ಹತ್ತಿರ ಗುಡ್ಡದ ಮೇಲೊಂದು ಎತ್ತರದ ಗ್ರಾನೈಟ್ ಕಂಬ ಕಾಣಿಸುತ್ತದೆ. ಅದು ಜನರಲ್ ಡೇವಿಡ್ ಬೇರ್ಡ್‌ನ ಸ್ಮಾರಕ. ಶ್ರೀರಂಗಪಟ್ಟಣ ನೋಡಿದವರಿಗೆ ಈ ಹೆಸರು ಗೊತ್ತಿರಬೇಕು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಸೇನೆಗೆ ಸೆರೆಸಿಕ್ಕು, 1784ರವರೆಗೆ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಕೊಳೆತವನು. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿಯಲ್ಲಿ ಬಿಗಿದಿದ್ದಾರೆಂಬ ಸುದ್ದಿ ತಲುಪಿದಾಗ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನನ್ನು ದೇವರೇ ಕಾಪಾಡಬೇಕು ಎಂದು ಅವನ ತಾಯಿ ಹೇಳಿದಳಂತೆ. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ದಂಡಿನ ಮುಂದಾಳು ಅವನೇ. ಆಮೇಲೆ ಪಟ್ಟಣದ ಅಧಿಕಾರ ತನಗೆ ಸಿಗದೆ ಆರ್ಥರ್ ವೆಲ್ಲೆಸ್ಲಿಗೆ ಹೋಯಿತೆಂದು ಜೀವನವಿಡೀ ಕೊರಗಿದ. ಕ್ರೀಫ್ ಬಳಿಯ ಹೆಂಡತಿಯ ಎಸ್ಟೇಟಿನಲ್ಲಿ 1829ರಲ್ಲಿ ತೀರಿಕೊಂಡ. ವಿಧವೆ ಈ ಕಂಬ ನಿಲ್ಲಿಸಿದಳು. ಟಿಪ್ಪುವಿನ ಮಲಗುವ ಕೋಣೆಯಿಂದ ತೆಗೆದು ಬೇರ್ಡ್‌ಗೆ ಉಡುಗೊರೆಯಾಗಿ ಕೊಟ್ಟ ಖಡ್ಗ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು.

ಊರಿನ ಉತ್ತರಕ್ಕೆ ಇನ್ನೊಂದು ಗುಡ್ಡದ ಮೇಲೆ ಹೆನ್ರಿ ಡಂಡಾಸ್‌ನ ಸ್ತಂಭ, 1812ರದ್ದು. ಶ್ರೀರಂಗಪಟ್ಟಣದ ಆ ಯುದ್ಧದ ಕಾಲಕ್ಕೆ ಲಂಡನ್ನಿನಲ್ಲಿ ಕುಳಿತು ಭಾರತದ ಕಂಪನಿ ಆಡಳಿತದ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷನಾಗಿದ್ದವನು ಇವನು. ಗುಲಾಮರ ವ್ಯಾಪಾರದ ರದ್ದತಿಯನ್ನು ನಿಧಾನವಾಗಿ ಮಾಡೋಣವೆಂದು 1792ರಲ್ಲಿ ಸಂಸತ್ತಿನಲ್ಲಿ ತಿದ್ದುಪಡಿ ತಂದವನೂ ಇವನೇ. ಎಡಿನ್‌ಬರ್ಗ್‌ನಲ್ಲಿರುವ ಇವನ ಸ್ತಂಭದ ಫಲಕದಲ್ಲಿ ಏನು ಬರೆಯಬೇಕೆಂದು ಈಚೆಗೆ ದೊಡ್ಡ ವಾಗ್ವಾದವೇ ನಡೆಯಿತು. ಹೀಗೆ ಶ್ರೀರಂಗಪಟ್ಟಣವನ್ನು ಕೆಡವಿದ ಇಬ್ಬರು ನಮ್ಮ ಊರನ್ನು ಎರಡು ಗುಡ್ಡಗಳಿಂದ ನೋಡುತ್ತಿದ್ದಾರೆ.

ನನ್ನ ತವರು ಪಾಂಡವಪುರ. ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಮಕ್ಕಳು ಟಿಪ್ಪು ಬಿದ್ದ ಜಾಗವನ್ನೂ ಬಂದೀಖಾನೆಯನ್ನೂ ನೋಡಿ ಬಂದಿದ್ದರು. ಶಾಲೆಯಲ್ಲಿ ಸ್ಥಳೀಯ ಇತಿಹಾಸದ ಬಗ್ಗೆ ಏನಾದರೂ ಮಾಡಿಕೊಂಡು ಬನ್ನಿ ಎಂದಾಗ ಮಗಳು ಎರಡೂ ಕಡೆಯ ಫೋಟೋಗಳನ್ನು ಒಂದೇ ಹಾಳೆಗೆ ಅಂಟಿಸಿದಳು. ತರಗತಿಯಲ್ಲಿ ಅನೇಕರು ಆ ಕಂಬದ ಬುಡದವರೆಗೆ ನಡೆದು ಹೋದವರೇ, ಆದರೆ ಕಾವೇರಿಯ ದ್ವೀಪದ ಕೋಟೆ ಹೇಗಿದೆಯೆಂದು ಯಾರೂ ನೋಡಿರಲಿಲ್ಲ. ನಮ್ಮ ನೆರೆಯ ಹಿರಿಯರೊಬ್ಬರು ಆ ಹಾಳೆ ನೋಡಿ ಮನೆಗೆ ಬಂದು ಬೇರ್ಡ್‌ನ ಮನೆತನದ ಬಗ್ಗೆ ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು. ಕಾಫಿ ಎರಡು ಸುತ್ತು ಆಯಿತು. ಬೇರ್ಡ್ ಶೂರನೋ ಲೂಟಿಗಾರನೋ ಎಂದು ಮಗಳು ಕೇಳಿದಾಗ ಅವರು, ಎರಡೂ ಹೌದು, ಅವನ ಕಾಲದಲ್ಲಿ ಎರಡಕ್ಕೂ ಸಂಬಳವಿತ್ತು ಎಂದರು. ಟಿಪ್ಪು ಬಗ್ಗೆ ನಮ್ಮ ನಮ್ಮಲ್ಲೇ ಇರುವ ಜಗಳವನ್ನು ದಯವಿಟ್ಟು ಈ ಚರ್ಚೆಯ ಕೆಳಗೆ ಶುರುಮಾಡಬೇಡಿ, ಕೈ ಮುಗಿಯುತ್ತೇನೆ.

ಮಕ್ಕಳು ಕನ್ನಡ ಮರೆಯುವುದಿಲ್ಲವೇ ಎಂದು ಮಂಗಳೂರಿನ ಸದಸ್ಯರು ಕೇಳಿದ್ದಾರೆ. ಮರೆಯಬಹುದು, ಗ್ಲಾಸ್ಗೋದಲ್ಲೂ ಮರೆಯಬಹುದು. ಮನೆಯೊಳಗೆ ಕನ್ನಡವಲ್ಲದೆ ಬೇರೆ ಮಾತಿಲ್ಲ ಎಂಬ ಹಟ ಬೇಕು, ಅದಕ್ಕೆ ಸಂಘವಿದ್ದರೂ ಇಲ್ಲದಿದ್ದರೂ ಒಂದೇ. ಎರಡು ಶತಮಾನದ ಹಿಂದೆ ಈ ಕಣಿವೆಯ ಜನ ಸ್ಕಾಟ್ಲೆಂಡಿನ ಹಳೆಯ ನುಡಿಯಾದ ಗೇಲಿಕ್ ಮಾತನಾಡುತ್ತಿದ್ದರು. ಈಗ ಅದು ಬೆಟ್ಟ, ಹಳ್ಳಗಳ ಹೆಸರುಗಳಲ್ಲಷ್ಟೇ ಉಳಿದಿದೆ. ಹಾಗಾಗಿ ನಾವು ಅಂಗಡಿಯ ಸಾಲಿನಲ್ಲಿ ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡಿದರೆ ಇಲ್ಲಿನ ವಯಸ್ಸಾದವರು ಮುಖ ಸಿಂಡರಿಸುವುದಿಲ್ಲ, ಬಿಡಬೇಡಿ ಎನ್ನುತ್ತಾರೆ. ಜನವರಿಯಲ್ಲಿ ಶಾಲೆಗಳಲ್ಲಿ ಕವಿ ರಾಬರ್ಟ್ ಬರ್ನ್ಸ್‌ನ ಸ್ಕಾಟ್ಸ್ ನುಡಿಯ ಪದ್ಯಗಳನ್ನು ಬಾಯಿಪಾಠ ಹೇಳಿಸುತ್ತಾರೆ. ಮನೆಯ ಮಾತು ಬೇರೆ, ಪುಸ್ತಕದ ಇಂಗ್ಲಿಷ್ ಬೇರೆ ಎಂಬುದು ಇಲ್ಲಿನ ಮಕ್ಕಳಿಗೆ ಹೊಸದಲ್ಲ.

ಸದ್ಯಕ್ಕೆ ಇಷ್ಟು ಮಾಡಿ. ಜುಲೈ ಕೊನೆಯಲ್ಲಿ ಎರಡು ವಾರದ ಊರ ಹಬ್ಬ ನಡೆಯುತ್ತದೆ, ಆಗ ಮಕ್ಕಳ ಸಮೇತ ಬಂದು ನೋಡಿ. ನವೆಂಬರಿನ ಮಳೆಯಲ್ಲೂ ಒಮ್ಮೆ ಬಂದು ನೋಡಿ, ಎರಡನ್ನೂ ನೋಡದೆ ನಿರ್ಧರಿಸಬೇಡಿ. ದೊಡ್ಡವನಿಗೆ ಮುಂದಿನ ಆಗಸ್ಟಿಗೆ ಒಂದನೇ ತರಗತಿಯಾದರೆ ಹೆಸರು ನೋಂದಣಿ ಸಾಮಾನ್ಯವಾಗಿ ಜನವರಿಯಲ್ಲೇ ಆಗುತ್ತದೆ, ವಿಳಾಸದ ದಾಖಲೆ ಕೇಳುತ್ತಾರೆ. ಮನೆ ಗೊತ್ತಾದರೆ ಯಾವ ಬೀದಿ ಎಂದು ನನಗೆ ಪ್ರತ್ಯೇಕವಾಗಿ ಬರೆಯಿರಿ. ಅಲ್ಲಿ ನೀರು ನುಗ್ಗಿತ್ತೋ ಇಲ್ಲವೋ ಎಂದು ವಿಚಾರಿಸಿ ಹೇಳುತ್ತೇನೆ.