ಕಲಬುರಗಿಯ ಒಣ ಗಾಳಿಯಲ್ಲಿ ಕ್ಯಾಲಥಿಯಾ ಉಳಿಸಬೇಕು, ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ಅಕ್ಕ ಶಿರಸಿಯಿಂದ ಕೊಟ್ಟು ಕಳಿಸಿದ ಕ್ಯಾಲಥಿಯಾ ಅನ್ನೋ ಅಲಂಕಾರಿಕ ಎಲೆಗಿಡ ನಮ್ಮ ಕಲಬುರಗಿ ಮನೆಯಲ್ಲಿ ದಿನೇ ದಿನೇ ಸೊರಗುತ್ತಿದೆ. ಎಲೆಯ ಅಂಚು ಹಪ್ಪಳದ ಹಾಗೆ ಒಣಗಿದೆ, ಮುಟ್ಟಿದರೆ ಪುಡಿಯಾಗುತ್ತದೆ. ಹೊಸ ಎಲೆಯೊಂದು ಸುರುಳಿ ಬಿಚ್ಚದೆ ಹಾಗೇ ನಿಂತುಬಿಟ್ಟಿದೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಮಳೆಕಾಡಿನ ಗಿಡ ಅಲ್ವಾ, ಗಾಳಿಯಲ್ಲಿ ಶೇ. 60ರಷ್ಟು ತೇವಾಂಶ ಇದ್ದರೆ ಚೆನ್ನ. ತೇವಾಂಶ ಅಳೆಯುವ ನಮ್ಮ ಹೈಗ್ರೋಮೀಟರ್ ಮಧ್ಯಾಹ್ನ 24 ತೋರಿಸುತ್ತದೆ! ನೀರು ಚಿಮುಕಿಸಿದರೆ ಹತ್ತೇ ನಿಮಿಷಕ್ಕೆ ಆರಿಹೋಗುತ್ತದೆ. ಕುಂಡದ ಕೆಳಗೆ ಜಲ್ಲಿಕಲ್ಲು, ನೀರು ತುಂಬಿದ ತಟ್ಟೆ ಇಟ್ಟೆ. ಜಾಸ್ತಿ ಏನೂ ಏರಲಿಲ್ಲ. ಕೂಲರ್ ಹಾಕಿದರೆ 50 ದಾಟುತ್ತದೆ, ಆದರೆ ಗಾಳಿ ನೇರವಾಗಿ ಬಡಿದು ಎಲೆ ಮುದುಡುತ್ತದೆ.

ಬೋರ್ ನೀರು ಗಡಸು, ಕುಂಡದ ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟಿತ್ತು. ಅದಕ್ಕೇ ಈಗ ಆರ್‌ಒ ನೀರು ಹಾಕುತ್ತಿದ್ದೇನೆ.

ಮನೆಯಲ್ಲಿ ಹಳೆಯ ಗಾಜಿನ ಮೀನಿನ ತೊಟ್ಟಿ ಇದೆ. ಗಿಡ ಅದರೊಳಗಿಟ್ಟು ಅರ್ಧ ಮುಚ್ಚಿದರೆ ಆಗುತ್ತದಾ? ಬೂಷ್ಟು ಹಿಡಿಯದ ಹಾಗೆ ದಿನಕ್ಕೆ ಎಷ್ಟು ಹೊತ್ತು ತೆರೆದಿಡಬೇಕು? ಅಥವಾ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ತರುವುದೇ ವಾಸಿನಾ? ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಇದನ್ನು ಉಳಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.