ನಕ್ಸಲ, ನಕ್ಸಲೈಟ್, ಮಾವೋವಾದಿ: ಯಾವುದನ್ನು ಎಲ್ಲಿ ಬರೆಯಬೇಕು?

ಕರಡುಪ್ರತಿ, ಉಡುಪಿ:
ಉಡುಪಿ ಜಿಲ್ಲೆಯ ಈದು (2003) ಮತ್ತು ಪೀತಬೈಲು (2024) ಎನ್‌ಕೌಂಟರ್‌ಗಳ ಬಗ್ಗೆ ಇರುವ ಲೇಖನವೊಂದರ ಕರಡು ಕೈಯಲ್ಲಿದೆ. ಒಂದೇ ಪುಟದಲ್ಲಿ ನಕ್ಸಲರು, ನಕ್ಸಲೀಯರು, ನಕ್ಸಲೈಟ್ಸ್‌ಗಳು, ಮಾವೋವಾದಿಗಳು ಅಂತ ನಾಲ್ಕು ನಮೂನೆ. ಒಂದು ಕಡೆ ಬರೀ 'ಕಮ್ಯುನಿಸ್ಟರು' ಅಂತಲೂ ಉಂಟು. ಎಲ್ಲ ಕಡೆ 'ಮಾವೋವಾದಿ' ಮಾಡಿಬಿಟ್ಟರೆ ಆದೀತಾ?

ಕುಡ್ಲದ ಓದುಗ:
ಆಗಲಿಕ್ಕಿಲ್ಲ ಮಾರಾಯ್ರೆ, ಇಸವಿಯೇ ತಪ್ಪುತ್ತದೆ. 'ನಕ್ಸಲ' ಊರಿನಿಂದ ಬಂದ ಹೆಸರು: ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆಯ ನಕ್ಸಲಬಾರಿ, 1967ರ ರೈತ ಬಂಡಾಯ. 1969ರಲ್ಲಿ ಅದರಿಂದ ಸಿಪಿಐ (ಎಂಎಲ್), ಅಂದರೆ ಮಾರ್ಕ್ಸ್‌ವಾದಿ-ಲೆನಿನ್‌ವಾದಿ ಪಕ್ಷ, ಹುಟ್ಟಿತು, ಆಮೇಲೆ ಹತ್ತಾರು ಹೋಳಾಯಿತು. ಸಿಪಿಐ (ಮಾವೋವಾದಿ) ಎಂಬ ಪಕ್ಷ ಆದದ್ದು 2004ರ ಸೆಪ್ಟೆಂಬರ್ 21ಕ್ಕೆ, ಪೀಪಲ್ಸ್ ವಾರ್ ಮತ್ತು ಎಂಸಿಸಿಐ (ಮಾವೋಯಿಸ್ಟ್ ಕಮ್ಯುನಿಸ್ಟ್ ಸೆಂಟರ್ ಆಫ್ ಇಂಡಿಯಾ) ಎಂಬ ಎರಡು ಗುಂಪು ಕೂಡಿ. ಈದುವಿನ ಘಟನೆ ಅದಕ್ಕಿಂತ ಹಿಂದಿನದು, 2003ರ ನವೆಂಬರ್. ಅಲ್ಲಿ 'ನಕ್ಸಲರು' ಅಂತಲೇ ಇರಲಿ. ಪೀತಬೈಲಿಗೆ ಎರಡೂ ಹೊಂದುತ್ತವೆ.

'ಕಮ್ಯುನಿಸ್ಟರು' ಮಾತ್ರ ಅಲ್ಲಿಂದ ತೆಗೆಯಿರಿ. ನಕ್ಸಲರು ಕಮ್ಯುನಿಸ್ಟರೇ ಹೌದು, ಆದರೆ ಬೀಡಿ ಕಾರ್ಮಿಕರ ಸಂಘ ಕಟ್ಟಿದವರೂ ಚುನಾವಣೆಗೆ ನಿಲ್ಲುವವರೂ ಕಮ್ಯುನಿಸ್ಟರೇ. ನಮ್ಮ ಜಿಲ್ಲೆಯ ಓದುಗರಿಗೆ ಆ ಪದ ಕೇಳಿದ ಕೂಡಲೇ ನೆನಪಾಗುವುದು ಕಾಡಿನವರಲ್ಲ, ಯೂನಿಯನ್ ಆಫೀಸಿನವರು. ಇನ್ನು ಎಂಎಲ್ ಗುಂಪುಗಳಲ್ಲೂ ಸಿಪಿಐ (ಎಂಎಲ್) ಲಿಬರೇಶನ್‌ನಂಥವು ಮತ ಕೇಳುತ್ತವೆ. ಹಾಗಾಗಿ 'ಎಂಎಲ್ ಅಂದರೆ ಬಂದೂಕು' ಅಂತಲೂ ಹಿಡಿಯಬೇಡಿ.

ವಿಭಕ್ತಿ ಪ್ರತ್ಯಯ:
ರೂಪದ ಬಗ್ಗೆ ಎರಡು ಮಾತು. 'ನಕ್ಸಲೈಟ್ಸ್‌ಗಳು' ಎಂದರೆ ಬಹುವಚನಕ್ಕೆ ಮತ್ತೊಂದು ಬಹುವಚನ. ನಕ್ಸಲೈಟರು ಅಥವಾ ನಕ್ಸಲರು ಸಾಕು. 'ನಕ್ಸಲೀಯ' ತಪ್ಪಲ್ಲ, ಆದರೆ ಪುಸ್ತಕದ ವಾಸನೆ. ಸಮಾಸದಲ್ಲಿ ಮೊದಲಿಗೆ ಬಂದರೆ 'ನಕ್ಸಲ್' ಎಂಬ ಅರ್ಧಾಕ್ಷರ ರೂಪವೇ ರೂಢಿ: ನಕ್ಸಲ್ ನಿಗ್ರಹ ದಳ, ನಕ್ಸಲ್ ಚಟುವಟಿಕೆ. ವ್ಯಕ್ತಿಗೆ ನಕ್ಸಲ, ನಕ್ಸಲನನ್ನು, ನಕ್ಸಲರಿಗೆ. ಹೆಣ್ಣಿಗೆ 'ನಕ್ಸಲೆ' ಅಂತ ಯಾರೂ ಬರೆಯುವುದಿಲ್ಲ, 'ನಕ್ಸಲ್ ಮಹಿಳೆ'. 'ನಕ್ಸಲಿಸಂವಾದ' ಕಂಡರೆ ದಯವಿಟ್ಟು ಹೊಡೆದುಹಾಕಿ. ಇಸಂ ಅಂದರೇ ವಾದ.

ಕರಡುಪ್ರತಿ, ಉಡುಪಿ:
'ನಗರ ನಕ್ಸಲ' ಅಂತಲೂ ಒಂದು ಕಡೆ ಇದೆ. 2025ರ ಜನವರಿಯಲ್ಲಿ ಶರಣಾದ ಆರು ಮಂದಿಗೆ ಏನು ಹೇಳುವುದು?

ಕುಡ್ಲದ ಓದುಗ:
ಅವರು 'ಶರಣಾದ ನಕ್ಸಲರು'. 'ನಗರ ನಕ್ಸಲ' ಬೈಗುಳವಾಗಿ ಹುಟ್ಟಿದ ಪದ, ಅದರಲ್ಲಿ ವಿವರ ಏನೂ ಇಲ್ಲ. ಯಾರಾದರೂ ಹಾಗೆ ಹೇಳಿದ್ದರೆ ಉದ್ಧರಣ ಚಿಹ್ನೆಯೊಳಗಿಟ್ಟು ಹೇಳಿದವರ ಹೆಸರು ಹಾಕಿ, ಲೇಖಕರ ಮಾತಾಗಿ ಬೇಡ. ಆರೋಪ ಸಾಬೀತಾಗದವರಿಗೆ 'ಶಂಕಿತ' ಸೇರಿಸುವುದನ್ನು ಫೋಟೊದ ಅಡಿಬರಹದಲ್ಲೂ ಬಿಡಬೇಡಿ. ಅಲ್ಲೇ ಹೆಚ್ಚಾಗಿ ಬಿಟ್ಟುಹೋಗುವುದು.